ಶುಕ್ರವಾರದ ಪದ

ಕಳೆದ ವಾರ ದೋಹಾದ ಅಲ್ ಅಜೀಜಿಯಾದ ಒಂದು ಸ್ಟೇಷನರಿ ಅಂಗಡಿಯಲ್ಲಿ ನಮ್ಮ ಸ್ಟೋರಿನ ರ್‍ಯಾಕುಗಳ ಹೆಸರುಚೀಟಿಗಳಿಗೆ ಲ್ಯಾಮಿನೇಶನ್ ಮಾಡಿಸುತ್ತ ನಿಂತಿದ್ದೆ. ಯಂತ್ರ ಬಿಸಿಯಾಗಿ ಮೊದಲ ಹಾಳೆ ಹೊರಗೆ ಬರುವಾಗ ಕಾದ ಪ್ಲಾಸ್ಟಿಕ್ಕಿನ ಒಂದು ವಾಸನೆ ಬರುತ್ತದೆ. ಒಳ್ಳೆಯ ವಾಸನೆಯೇನಲ್ಲ. ಆದರೆ ಅದು ಮೂಗಿಗೆ ಬಡಿದದ್ದೇ ತಡ, ಐನ್ ಖಾಲಿದಿನ ನಮ್ಮ ಹಳೆಯ ಮನೆ, ಅಡುಗೆಮನೆಯ ಟೈಲ್ಸಿಗೆ ಸಾಲಾಗಿ ಅಂಟಿಸಿದ ನಾರ್ವೇಜಿಯನ್ ಪದಗಳು, ಅವುಗಳ ಮುಂದೆ ಸೌಟು ಹಿಡಿದು ನಿಂತ ವಾರಿಜಾ ಎಲ್ಲ ಕಣ್ಣ ಮುಂದೆ ಬಂದುಬಿಟ್ಟಿತು. ಅಂಗಡಿಯವನು "ಖಲಾಸ್ ಭಾಯಿ" ಎಂದು ಚೀಟಿಗಳನ್ನು ಎರಡು ಸಲ ಚಾಚಿದ ಮೇಲೆ ನಾನು ಕೈ ನೀಡಿದೆ. ಹಣ ಕೊಟ್ಟು ಹೊರಬಂದು ಕಾರಿನಲ್ಲಿ ಸುಮ್ಮನೆ ಕುಳಿತೆ.

ವಾರಿಜಾ ನನ್ನ ಹೆಂಡತಿ. ನರ್ಸ್. ಈಗ ಮೂರು ವರ್ಷದಿಂದ ನಾರ್ವೆಯ ಒಂದು ಸಣ್ಣ ಪಟ್ಟಣದಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿದ್ದಾಳೆ. ನಾನು ಇಲ್ಲೇ ದೋಹಾದಲ್ಲಿ, ಹಳೆಯ ಕಂಪನಿಯ ಹಳೆಯ ಸ್ಟೋರ್‌ಕೀಪರ್. ನಮಗೆ ಮಕ್ಕಳಿಲ್ಲ. ಆ ಪದಗಳ ವರ್ಷವೇ ನಾವಿಬ್ಬರೂ ಒಂದೇ ಮನೆಯಲ್ಲಿ ಕಳೆದ ಕೊನೆಯ ವರ್ಷ.

ಅದನ್ನು ಹೇಳುವ ಮೊದಲು ನನ್ನ ಬಗ್ಗೆ ಒಂದು ವಿಷಯ ಹೇಳಬೇಕು. ಇಲ್ಲಿರುವ ನಮ್ಮ ಕಡೆಯವರ ನಡುವೆ ಆಗ ನನಗೊಂದು ಹೆಸರಿತ್ತು. ಊರಿನಲ್ಲಿ ಯಾರಾದರೂ ತೀರಿಕೊಂಡರೆ, ಇಲ್ಲಿರುವ ಮಗನಿಗೋ ಮಗಳಿಗೋ ಸುದ್ದಿ ಮುಟ್ಟಿಸಲು ಊರವರು ನನಗೆ ಫೋನ್ ಮಾಡುತ್ತಿದ್ದರು. "ಹರೀಶಣ್ಣನಿಗೆ ಹೇಳಿದ್ರೆ ಸಾಕು, ಅವರು ನೋಡಿಕೊಳ್ತಾರೆ" ಎಂಬ ಮಾತು ಸುಳ್ಯದಿಂದ ಕುಂದಾಪುರದವರೆಗೆ ಇತ್ತು. ನನ್ನ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಅವರ ಕಂಪನಿಯ ಮೇಲಿನವರ ಹತ್ತಿರ ಗುಟ್ಟಾಗಿ ಮಾತಾಡಿ ರಜೆ. ಆಮೇಲೆ ಟಿಕೆಟ್. ಆಮೇಲೆ ಅವರ ರೂಮಿಗೆ ಹೋಗಿ ಹೊಟ್ಟೆತುಂಬ ಊಟ ಮಾಡಿಸುವುದು, ಯಾಕೆಂದರೆ ಸುದ್ದಿ ಗೊತ್ತಾದ ಮೇಲೆ ಮನುಷ್ಯ ಎರಡು ದಿನ ಉಣ್ಣುವುದಿಲ್ಲ. ಕೈತೊಳೆದ ಮೇಲೆ "ಅಮ್ಮನಿಗೆ ಸ್ವಲ್ಪ ಸೀರಿಯಸ್ಸಂತೆ, ಒಮ್ಮೆ ಹೋಗಿ ಬಾ" ಎನ್ನುವುದು. ಸತ್ತ ವಿಷಯ ಊರಿನ ಅಂಗಳದಲ್ಲಿ ತಿಳಿದರೆ ಸಾಕು, ಸುತ್ತ ಹಿಡಿದುಕೊಳ್ಳುವವರು ಇರುತ್ತಾರೆ, ವಿಮಾನದಲ್ಲಿ ಯಾರಿದ್ದಾರೆ ಎಂಬುದು ನನ್ನ ತತ್ವ. ಆ ಊಟವನ್ನು ಎಷ್ಟೋ ಸಲ ಮಾಡಿ ಡಬ್ಬಿಗೆ ತುಂಬಿಸಿ ಕೊಟ್ಟವಳು ವಾರಿಜಾಳೇ. ಒಮ್ಮೆ ಕೇಳಿದ್ದಳು, "ಅವರು ಪಾಪ ಎಂತದೂ ಗೊತ್ತಿಲ್ಲದೆ ನಗಾಡಿಕೊಂಡು ಉಣ್ತಾ ಇರ್ತಾರಲ್ಲ, ಅದನ್ನು ನಿಮಗೆ ನೋಡ್ಲಿಕ್ಕೆ ಆಗ್ತದಾ?" ಒಳ್ಳೆಯದಕ್ಕೇ ಅಲ್ಲವಾ ಮಾಡುವುದು, ಎಂದು ನಾನು ಡಬ್ಬಿ ಎತ್ತಿಕೊಂಡು ಹೊರಟಿದ್ದೆ.

ಆ ವರ್ಷದ ನವೆಂಬರಿನಲ್ಲಿ, ಸೆಕೆ ಇಳಿದು ಸಂಜೆ ಹೊತ್ತು ಮನೆಯ ಕಿಟಕಿ ತೆರೆಯಬಹುದು ಎನ್ನುವಂತಾದಾಗ, ಅವಳ ಕ್ಲಿನಿಕ್ಕಿನಲ್ಲಿ ಮುಂದಿನ ಸೆಪ್ಟೆಂಬರಿಗೆ ಕಾಂಟ್ರಾಕ್ಟ್ ಮುಗಿಯುತ್ತದೆ, ಮತ್ತೆ ಹೊಸತು ಮಾಡುವುದಿಲ್ಲ ಎಂದು ಹೇಳಿದರು. ಜೊತೆಗಿದ್ದ ಕೇರಳದ ನರ್ಸೊಬ್ಬಳು ಆಗಲೇ ನಾರ್ವೆ ಸೇರಿದ್ದಳು. ಭಾಷೆ ಕಲಿತು ಏಜೆನ್ಸಿಯವರ ಪರೀಕ್ಷೆ ಪಾಸಾದರೆ ಕೆಲಸ ಖಂಡಿತ ಎಂದಳು. ಪರೀಕ್ಷೆ ಆಗಸ್ಟಿನಲ್ಲಿ, ವರ್ಷಕ್ಕೆ ಒಂದೇ ಸಲ. ತಪ್ಪಿದರೆ ಮುಂದಿನ ಆಗಸ್ಟಿನವರೆಗೆ ಇಲ್ಲಿ ಅವಳಿಗೆ ವೀಸಾ ಇಲ್ಲ, ಊರಿನಲ್ಲಿ ಕೆಲಸವಿಲ್ಲ. ಅವಳು ಮೊದಲು ಹೋಗುವುದು, ಒಂದು ವರ್ಷದೊಳಗೆ ನಾನು ಹಿಂದಿನಿಂದ ಹೋಗುವುದು ಎಂದು ಲೆಕ್ಕ ಹಾಕಿದೆವು. ನಲವತ್ತೊಂದನೆಯ ವಯಸ್ಸಿನಲ್ಲಿ ವಾರಿಜಾ ಹೊಸ ಪಟ್ಟಿ ಪುಸ್ತಕ ಕೊಂಡು ತಂದಳು.

ವಾರಕ್ಕೆ ಮೂರು ದಿನ ಲ್ಯಾಪ್‌ಟಾಪಿನ ಪರದೆಯ ಮೇಲೆ ನಾರ್ವೆಯ ಒಬ್ಬ ಟೀಚರ್ ಬರುತ್ತಿದ್ದರು. ಬೆಳ್ಳಗಿನ ಕೂದಲು, ಉಣ್ಣೆಯ ಅಂಗಿ, ಭಾರೀ ತಾಳ್ಮೆ. ಆ ಭಾಷೆಯಲ್ಲಿ ನಾಮಪದಗಳನ್ನು ಗಾಡಿಯ ಡಬ್ಬಿಗಳ ಹಾಗೆ ಒಂದಕ್ಕೊಂದು ಸಿಕ್ಕಿಸುತ್ತಾರೆ. 'ಸ್ಯೂಕೆ' ಎಂದರೆ ಕಾಯಿಲೆಯವರು, 'ಹೂಸ್' ಎಂದರೆ ಮನೆ, ಸ್ಯೂಕೆಹೂಸ್ ಎಂದರೆ ಆಸ್ಪತ್ರೆ. ಬೇಸಿಗೆ ಮತ್ತು ಹಕ್ಕಿ ಸೇರಿ ಸೊಮ್ಮರ್‌ಫ್ಯೂಲ್ ಆದರೆ ಅದು ಚಿಟ್ಟೆ. ಬಿಡಿಸಿ ಬರೆದರೆ ತಪ್ಪು, ಬಿಡಿಸಿ ಹೇಳಿದರೂ ತಪ್ಪು. ಬಿಡಿಸದೆ ಸೇರಿಸಿ ಹೇಳುವುದೂ ಸುಲಭವಲ್ಲ. ಮೊದಲ ತುಂಡಿನ ಮೇಲೆ ಪೂರ್ತಿ ಭಾರ ಹಾಕಬೇಕು, ಎರಡನೆಯದರ ಮೇಲೆ ಅರ್ಧ, ಉಳಿದದ್ದನ್ನು ಹಾಗೇ ಜಾರಿಸಿಬಿಡಬೇಕು. ನಾವು ಕನ್ನಡದವರಾದರೋ ಎಲ್ಲ ಅಕ್ಷರಕ್ಕೂ ಸಮಪಾಲು ಕೊಟ್ಟು ಬೆಳೆದವರು. ವಾರಿಜಾ 'ಸ್ಯೂ-ಕೆ-ಪ್ಲೈ-ಎರ್' ಎಂದು, ಎಂದರೆ ನರ್ಸ್ ಎಂದು, ನಾಲ್ಕೂ ಅಕ್ಷರಗಳನ್ನು ಮಗ್ಗಿಯ ಹಾಗೆ ಒಪ್ಪಿಸಿದಾಗ ಟೀಚರ್ ನಗುತ್ತ ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದರು. ಮೊದಲನೆಯದು ಜೋರಾಗಿ, ಮೂರನೆಯದು ಮೆತ್ತಗೆ. ತನ್ನ ಉದ್ಯೋಗದ ಹೆಸರನ್ನೇ ಸರಿಯಾಗಿ ಹೇಳಲು ಅವಳಿಗೆ ಒಂಬತ್ತು ದಿನ ಹಿಡಿಯಿತು.

ಕಾರ್ಡು ಬರೆಯುವ ಕೆಲಸ ನನ್ನದಾಯಿತು. ಸ್ಟೋರಿನಲ್ಲಿ ಬೋಲ್ಟು ನಟ್ಟುಗಳ ಹೆಸರು ಬರೆದು ಪಳಗಿದ ಕೈ ನನ್ನದು. ಅಡುಗೆಮನೆಯ ಗೋಡೆಗೆ ಅಂಟಿಸಿದೆವು. ಒಗ್ಗರಣೆಯ ಹೊಗೆ, ಕುಚ್ಚಲಕ್ಕಿ ಬೇಯುವ ಹಬೆಗೆ ಒಂದೇ ವಾರದಲ್ಲಿ ಶಾಯಿ ಇಳಿದು ಕಾಗದ ಸುರುಳಿಯಾಯಿತು. ಆಗ ಎಲ್ಲವನ್ನೂ ಮತ್ತೆ ಬರೆದು ಲ್ಯಾಮಿನೇಶನ್ ಮಾಡಿಸಿ ತಂದೆ. ಅವಳು ಪಲ್ಯ ಕೈಯಾಡಿಸುತ್ತ ಸೌಟಿನಿಂದ ಬಾಣಲೆಯ ಅಂಚಿಗೆ ಒಂದು ಜೋರಿನ ಪೆಟ್ಟು, ಒಂದು ಮೆತ್ತಗಿನ ಪೆಟ್ಟು ಕೊಟ್ಟು ಪದಗಳನ್ನು ಹೇಳುತ್ತಿದ್ದಳು. ನಾವು ಒಂದು ವಿಲ್ಲಾದ ಹಿಂಬದಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಮುಂಬದಿಯ ಮಲಯಾಳಿ ಅಮ್ಮ ಒಂದು ದಿನ ನನ್ನನ್ನು ನಿಲ್ಲಿಸಿ, ಮನೆಯಲ್ಲಿ ಜಗಳವೇನಾದರೂ ಇದೆಯಾ ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಇನ್ನು ಮಾವನ ವಿಷಯ. ವಾರಿಜಾಳ ಅಪ್ಪ, ಕಾರ್ಕಳದ ಶೀನಪ್ಪ ಮಾವ, ಮೂವತ್ತೈದು ವರ್ಷ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವರು. ಮದುವೆಯ ಕಾಗದ, ಶ್ರಾದ್ಧದ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಅಕ್ಷರ ಅಕ್ಷರ ಹೆಕ್ಕಿ ಅವರ ಕೈಯಿಂದಲೇ ಆಗಬೇಕಿತ್ತು. ಸುತ್ತಮುತ್ತ ಎಲ್ಲರದ್ದೂ ತುಳು. ಮಾವ ಮಾತ್ರ ದಿನವಿಡೀ ಕನ್ನಡ ಜೋಡಿಸಿ ಮನೆಗೆ ಬಂದು ಮಕ್ಕಳ ಹತ್ತಿರವೂ ಕನ್ನಡವನ್ನೇ ಆಡುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಮಗ ಸತೀಶನ ಜೊತೆಗಿದ್ದರು. ಶುಕ್ರವಾರ ನಮಗೆ ರಜೆ. ಬೆಳಿಗ್ಗೆ ಹತ್ತಕ್ಕೆ, ಊರಿನಲ್ಲಿ ಅವರ ಊಟಕ್ಕೆ ಮುಂಚೆ, ವಾರಿಜಾ ಫೋನ್ ಮಾಡುವುದು ಮದುವೆಯಾದಾಗಿನಿಂದ ತಪ್ಪದ ಕ್ರಮ. ಅಲ್ಲಿಯವರೆಗೆ ಮಾತು ಅಂದರೆ ಮಳೆ, ಮೀನಿನ ರೇಟು, ಯಾರ ಮನೆಯ ಮದುವೆ ಅಷ್ಟೆ. ನಾರ್ವೇಜಿಯನ್ ಶುರುವಾದ ಮೇಲೆ ಅವರಿಗೂ ಅದರ ಹುಚ್ಚು ಹಿಡಿಯಿತು.

"ಎಷ್ಟು ಅಕ್ಷರ ಅಂದೆ? ಹದಿನೈದಾ? ಒಂದೇ ಪದಕ್ಕಾ?" ಎಂದು ಅವರು ಗಾಬರಿಯಾದದ್ದು ನನಗೆ ಸ್ಪೀಕರಿನಲ್ಲಿ ಕೇಳಿತು. "ಸಾಲಿನ ಕೊನೆಯಲ್ಲಿ ಬಂದ್ರೆ ಕಂಪೋಸಿಟರ್ ಎಲ್ಲಿ ತುಂಡು ಮಾಡಬೇಕು ಮಗಳೇ?"

ಅವಳಿಗೆ ಗೊತ್ತಿರಲಿಲ್ಲ. ಮುಂದಿನ ಕ್ಲಾಸಿನಲ್ಲಿ ಟೀಚರನ್ನು ಕೇಳಿ ತಿಳಿದುಕೊಂಡು ಶುಕ್ರವಾರ ಹೇಳಿದಳು. ಎರಡು ಪದ ಸೇರಿದ ಜಾಗದಲ್ಲೇ ತುಂಡು ಮಾಡಬೇಕು, ನಡುವಿನಲ್ಲಿ ಅಂಟಿಗೆಂದು ಹಾಕಿದ ಅಕ್ಷರವಿದ್ದರೆ ಅದು ಮೊದಲ ತುಂಡಿನ ಜೊತೆ ಹೋಗಬೇಕು. ಕೆಲಸ ಎನ್ನುವ ಆರ್ಬೈಡ್, ಜಾಗ ಎನ್ನುವ ಪ್ಲಾಸ್, ನಡುವೆ ಒಂದು ಎಸ್. ಮಾವನಿಗೆ ಪರಮಾನಂದ. "ನಾವು ಎರಡು ಪದದ ಮಧ್ಯ ಸ್ಪೇಸ್ ಹಾಕಿ ಬಿಡಿಸ್ತಿದ್ದೆವು, ಅವರು ಮೊಳೆ ಹಾಕಿ ಅಂಟಿಸ್ತಾರಾ! ನಮ್ಮಲ್ಲೂ ಉಂಟು ನೋಡು. ಮಳೆಗೆ ಕಾಲ ಸೇರಿದ್ರೆ ಮಳೆಗಾಲ. ಸೇರುವಾಗ ಎರಡರಲ್ಲೊಂದು ಸ್ವಲ್ಪ ಬಗ್ಗಬೇಕು."

ಅಂದಿನಿಂದ ವಾರಕ್ಕೊಂದು ಪದ ಎಂದಾಯಿತು. ಅವಳು ಹೇಳುವುದು, ಅವರು ಆ ಕಡೆಯಿಂದ ಊರುಗೋಲಿನಲ್ಲಿ ನೆಲಕ್ಕೆ ತಟ್ಟಿ ಭಾರ ಎಲ್ಲಿ ಎಂದು ಹಿಡಿಯುವುದು, ತುಂಡು ಮಾಡುವುದು, ಅರ್ಥ ಊಹಿಸುವುದು. ಧೂಳು ಹೀರುವ ಯಂತ್ರದ ಪದವನ್ನು ಅವರು ಆನೆಯ ಸೊಂಡಿಲು ಎಂದು ಊಹಿಸಿದರು. ಬೆಸ್ತೆಫಾರ್, ಎಂದರೆ ಅಜ್ಜ. 'ಎಲ್ಲಕ್ಕಿಂತ ಒಳ್ಳೆಯ ಅಪ್ಪ' ಎಂದು ಬಿಡಿಸಿದಾಗ ಅವರು, "ಹೌದು, ಅಜ್ಜನಾದ್ರೆ ಬುದ್ಧಿ ಬರ್ತದೆ" ಎಂದರು. ಪುಟ್ಟ ಮಕ್ಕಳ ಶಾಲೆಗೆ ನಾರ್ವೆಯವರು 'ಮಕ್ಕಳ ತೋಟ' ಎನ್ನುತ್ತಾರೆ. ಆ ಕಾರ್ಡನ್ನು ವಾರಿಜಾ ಯಾವ ಶುಕ್ರವಾರಕ್ಕೂ ಆರಿಸಲಿಲ್ಲ. ನಾನೂ ಕೇಳಲಿಲ್ಲ.

ಇಂಥ ಪದಗಳಲ್ಲಿ ಸದ್ದೆಲ್ಲ ಮೊದಲ ತುಂಡಿನದ್ದಾದರೂ, ಆ ಪದ ಯಾವ ಲಿಂಗ ಎಂದು ತೀರ್ಮಾನಿಸುವುದು ಕೊನೆಯ ತುಂಡು. ನಮ್ಮ ಮನೆಯ ಹಾಗೆ ಎಂದೆ ನಾನು, ಸದ್ದು ನಿನ್ನದು, ಕಾಗದಪತ್ರದಲ್ಲಿ ಯಜಮಾನ ನಾನು. ವಾರಿಜಾ ಸೌಟು ಎತ್ತಿದಳು. ಮಾವ ಫೋನಿನಲ್ಲಿ ಕೆಮ್ಮು ಬರುವಷ್ಟು ನಕ್ಕರು.

ಚಳಿಗಾಲ ಹಾಗೆ ಕಳೆಯಿತು. ಜನವರಿಯ ಮಂಜಿನಲ್ಲಿ ಒಂದು ಸಂಜೆ ಸೂಕ್ ವಾಕಿಫಿನ ಹಳೆಯ ಪೇಟೆಗೆ ಹೋಗಿ, ಕರಕ್ ಚಹಾ ಕುಡಿಯುತ್ತ, ಕಂಡ ಕಂಡ ಸಾಮಾನಿನ ಹೆಸರನ್ನೆಲ್ಲ ಅವಳು ಜೋಡಿಸುತ್ತ ಬಂದಳು. ತಪ್ಪೋ ಸರಿಯೋ ನನಗೇನು ಗೊತ್ತು? ತಲೆಯಾಡಿಸಿದೆ. ರಂಜಾನಿನಲ್ಲಿ ಇಬ್ಬರಿಗೂ ಕೆಲಸದ ಗಂಟೆ ಕಡಿಮೆ, ಮಧ್ಯಾಹ್ನವೇ ಮನೆ ಸೇರಿ ಪಾಠ. ಕಿಟಕಿಯ ಸಂದಿಯಲ್ಲಿ ಮರಳು ನುಗ್ಗಿ ನೆಲದ ಮೇಲೆ ಹೆಜ್ಜೆ ಮೂಡುವಂತೆ ಶಮಾಲ್ ಗಾಳಿ ಬೀಸಿದ ವಾರ ಟೀಚರ್ ಅವಳಿಗೆ ಅಣಕು ಪರೀಕ್ಷೆ ಮಾಡಿದರು. ಅವಳು ಫೇಲಾದಳು. ಓದಿದ್ದು ಸರಿ, ಬರೆದದ್ದು ಸರಿ, ಮಾತಾಡುವಾಗ ಹೆದರಿ ಎಲ್ಲ ಅಕ್ಷರಕ್ಕೂ ಮತ್ತೆ ಸಮಪಾಲು ಕೊಟ್ಟುಬಿಟ್ಟಿದ್ದಳು. "ನನ್ನಿಂದ ಆಗುವುದಿಲ್ಲ, ನೀವೆಲ್ಲ ಸುಮ್ಮನೆ ಆಸೆ ಹುಟ್ಟಿಸಿದಿರಿ" ಎಂದು ಸ್ನಾನದಮನೆಯ ಬಾಗಿಲು ಹಾಕಿಕೊಂಡು ಅತ್ತಳು. ಮನಸ್ಸು ಒಂದಿಷ್ಟು ಕದಡಿದರೂ ಅವಳ ನಾಲಿಗೆ ಹಳೆಯ ದಾರಿಗೆ ಹೊರಳುತ್ತದೆ ಎಂದು ನಾನು ಅಂದು ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ. ಮುಂದೆ ನಾನು ಮಾಡಿದ್ದಕ್ಕೆಲ್ಲ ನನಗೆ ನಾನೇ ಕೊಟ್ಟುಕೊಂಡ ಕಾರಣ ಅದು.

ಜೂನ್ ಬಂತು, ಜುಲೈ ಬಂತು. ಹೊರಗೆ ಕಾಲಿಟ್ಟರೆ ಕನ್ನಡಕಕ್ಕೆ ಹಬೆ ಕವಿದು ಕಣ್ಣು ಕಾಣದ ದಿನಗಳು. ನಮ್ಮ ಸೈಟುಗಳಲ್ಲಿ ನಡುಮಧ್ಯಾಹ್ನದ ಕೆಲಸ ನಿಂತಿತ್ತು, ನಾನು ಬೆಳಗಿನ ನಾಲ್ಕಕ್ಕೇ ಸ್ಟೋರು ತೆರೆದು ಹನ್ನೊಂದೂವರೆಗೆ ಮುಚ್ಚುತ್ತಿದ್ದೆ. ಪರೀಕ್ಷೆಗೆ ಇನ್ನು ಹತ್ತು ದಿನ ಎನ್ನುವಾಗ, ಒಂದು ಭಾನುವಾರ, ಸ್ಟೋರಿನಲ್ಲಿರುವಾಗ ಸತೀಶನ ಫೋನು ಬಂತು.

"ಭಾವ, ಅಪ್ಪ ಬಚ್ಚಲಿನ ಹತ್ರ ಜಾರಿಬಿದ್ರು. ಸೊಂಟದ ಮೂಳೆ ಮುರಿದಿದೆ. ಅಡ್ಮಿಟ್ ಮಾಡಿದ್ದೇವೆ. ಅಕ್ಕನಿಗೆ ಹೇಳುವುದಾ ಬೇಡ್ವಾ, ನೀವೇ ಹೇಳಿ."

ನನ್ನ ಬಾಯಿಂದ ಉತ್ತರ ತಡವರಿಸದೆ ಬಂತು. "ಬೇಡ. ಪರೀಕ್ಷೆ ಮುಗಿಯಲಿ. ನಾನು ನೋಡಿಕೊಳ್ತೇನೆ." ಸತೀಶನಿಗೆ ಹೊಣೆ ಇಳಿದ ಸಮಾಧಾನವಾಯಿತು, ನನಗೆ ಹೊಣೆ ಹೊತ್ತ ಹೆಮ್ಮೆಯಾಯಿತು. ಈಗ ಆ ಹೆಮ್ಮೆಯನ್ನು ನೆನೆದರೆ ಮೈ ಉರಿಯುತ್ತದೆ.

ಆ ವಾರದ ಶುಕ್ರವಾರಕ್ಕೆ ಒಂದು ಸುಳ್ಳು ಬೇಕಾಯಿತು. ಮಾವನ ಮೊಬೈಲ್ ನೀರಿಗೆ ಬಿದ್ದು ರಿಪೇರಿಗೆ ಹೋಗಿದೆಯಂತೆ, ಸತೀಶ ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದಾನಂತೆ ಎಂದು ಗುರುವಾರ ರಾತ್ರಿಯೇ ಊಟದ ಜೊತೆ ಬಡಿಸಿಬಿಟ್ಟೆ. ವಾರಿಜಾ ಮುಖ ಸಣ್ಣ ಮಾಡಿದಳು. "ಇದೊಂದು ಶುಕ್ರವಾರ ತಪ್ಪಿತು. ಹೋಗ್ಲಿ, ಪರೀಕ್ಷೆ ಆದ ಮೇಲೆ ಎರಡು ಪದ ಒಟ್ಟಿಗೆ ಹೇಳ್ತೇನೆ" ಎಂದಳು. ಬೆಳಿಗ್ಗೆ ಒಳಕೋಣೆಯ ಬಾಗಿಲು ಹಾಕಿಕೊಂಡು ಓದಲು ಕುಳಿತಳು.

ಹತ್ತು ಗಂಟೆಯ ಹೊತ್ತಿಗೆ ನನ್ನ ಫೋನು ನಡುಗಿತು. ಸತೀಶ. ಚಪ್ಪಲಿ ಮೆಟ್ಟಿಕೊಂಡು ಹೊರಗೆ, ಗೇಟಿನ ಹತ್ತಿರ ಏಸಿಗಳ ಬಿಸಿಗಾಳಿ ಬಡಿಯುವ ಜಾಗಕ್ಕೆ ಹೋಗಿ ನಿಂತೆ.

"ಭಾವ, ಅಪ್ಪ ಬೆಳಗ್ಗಿನಿಂದ ಅಕ್ಕನನ್ನು ಕೇಳ್ತಾ ಇದ್ದಾರೆ. ಉಸಿರಾಡ್ಲಿಕ್ಕೆ ಸ್ವಲ್ಪ ಕಷ್ಟ ಆಗ್ತಾ ಉಂಟು. ನೀವಾದ್ರೂ ಮಾತಾಡಿ."

ಅವನು ಫೋನನ್ನು ಮಾವನ ಕಿವಿಗೆ ಹಿಡಿದ. ಉಸಿರಿನ ಸದ್ದು ಮೊದಲು ಬಂತು.

"ವಾರಿಜಾ?"

"ನಾನು ಮಾವ. ಹರೀಶ."

"ಅವಳೆಲ್ಲಿ?"

ಅವಳು ನನ್ನ ಬೆನ್ನ ಹಿಂದಿನ ಗೋಡೆಯ ಆಚೆ ಇದ್ದಳು. ಏಸಿಯ ಗುಂಯ್ ಸದ್ದಿನ ನಡುವೆಯೂ ಅವಳು ಪದ ಹೇಳಿ ಹೇಳಿ ಕಲಿಯುತ್ತಿದ್ದ ದನಿ ನನಗೆ ಕೇಳುತ್ತಿತ್ತು.

"ಡ್ಯೂಟಿಯಲ್ಲಿ ಇದ್ದಾಳೆ ಮಾವ. ತುರ್ತು ಕೇಸಂತೆ, ಕರೆದ್ರು" ಎಂದೆ.

"ಇವತ್ತು ಶುಕ್ರವಾರ ಅಲ್ವಾ?"

"ಹೌದು ಮಾವ."

"ಪದ?"

ನೂರಾರು ಕಾರ್ಡು ಬರೆದ ನನಗೆ ಆ ಹೊತ್ತಿಗೆ ನೆನಪಾದದ್ದು ಒಂದೇ. "ಸ್ಯೂಕೆಹೂಸ್" ಎಂದೆ.

ಅವರು ಸ್ವಲ್ಪ ಹೊತ್ತು ಉಸಿರೆಳೆದರು. "ಅದು ಮೊದಲೇ ಆಗಿದೆಯಲ್ಲ. ಹೊಸತು ಅವಳತ್ರ ಕೇಳಿ ಹೇಳಿ."

"ಆಯ್ತು ಮಾವ, ಸಂಜೆ ಅವಳೇ ಮಾಡ್ತಾಳೆ" ಎಂದೆ. ಸಂಜೆಯ ಹೊತ್ತಿಗೆ ಅವರನ್ನು ಐಸಿಯುಗೆ ಹಾಕಿ ಬಾಯಿಗೆ ಕೊಳವೆ ಇಳಿಸಿದ್ದರು. ಬೆಳಿಗ್ಗೆ ಫೋನಿಟ್ಟು ನಾನು ಒಳಗೆ ಬಂದಾಗ ವಾರಿಜಾ ಬಾಗಿಲು ತೆರೆದು, ಯಾರದು ಫೋನು, ಇಷ್ಟು ಬೆವರಿದ್ದೀರಲ್ಲ ಎಂದು ಕೇಳಿದಳು. ನಮ್ಮ ಸೂಪರ್‌ವೈಸರದ್ದು ಎಂದೆ. ಅವಳು ನನಗೊಂದು ಲೋಟ ಮಜ್ಜಿಗೆ ತಂದುಕೊಟ್ಟು ಮತ್ತೆ ಓದಲು ಹೋದಳು.

ಶನಿವಾರ, ಭಾನುವಾರ, ಸೋಮವಾರ ನಾನು ಅವಳ ಮುಂದೆ ಹೇಗೆ ಓಡಾಡಿದೆನೋ ದೇವರಿಗೇ ಗೊತ್ತು. ಹೇಳಿಬಿಡಲೇ ಎಂದು ಭಾನುವಾರ ಒಮ್ಮೆ ಬಾಗಿಲವರೆಗೆ ಹೋದೆ. ಅವಳು ಕಣ್ಣು ಮುಚ್ಚಿ, ಬೆರಳಿನಿಂದ ತೊಡೆಗೆ ತಟ್ಟಿಕೊಳ್ಳುತ್ತ, ಒಂದೂ ತಪ್ಪದೆ ಪದಗಳನ್ನು ಹೇಳುತ್ತಿದ್ದಳು. ಇನ್ನು ಮೂರೇ ದಿನ, ಮಾವನನ್ನು ದೇವರು ಅಷ್ಟು ಕಾಯುತ್ತಾನೆ ಎಂದು ಹಿಂದೆ ಬಂದೆ. ನಾವೊಂದು ಬಗೆದರೆ ದೈವ ಬೇರೊಂದು ಬಗೆಯುತ್ತದೆ ಎಂದು ಇನ್ನೊಬ್ಬರಿಗೆ ಎಷ್ಟು ಸಲ ಹೇಳಿದ್ದೆನೋ! ಮಂಗಳವಾರ ಮಧ್ಯಾಹ್ನ ಮಾವ ಹೋದರು. ಪರೀಕ್ಷೆ ಬುಧವಾರ ಬೆಳಿಗ್ಗೆ ಹತ್ತಕ್ಕೆ.

ನಾನು ನನ್ನ ಕ್ರಮವನ್ನು ಬಿಡಲಿಲ್ಲ. ಅವಳ ಮ್ಯಾನೇಜರ್ ಹತ್ತಿರ ಮಾತಾಡಿದೆ. ಬುಧವಾರ ಸಂಜೆಗೆ ಕಣ್ಣೂರಿಗೆ ಇಬ್ಬರಿಗೂ ಟಿಕೆಟ್ ಮಾಡಿದೆ, ಅಲ್ಲಿಂದ ಕಾರು. ನಾವು ತಲುಪುವವರೆಗೆ ದಹನ ಮಾಡದೆ ಕಾಯಲು ಸತೀಶನಿಗೆ ಹೇಳಿದೆ. ಬುಧವಾರ ಬೆಳಿಗ್ಗೆ ಅವಳು ನೀಲಿ ಕಾಟನ್ ಸೀರೆಯುಟ್ಟು, ದೇವರಿಗೆ ದೀಪವಿಟ್ಟು, ಲ್ಯಾಪ್‌ಟಾಪಿನ ಮುಂದೆ ಕುಳಿತಾಗ ನಾನು ಅಡುಗೆಮನೆಯಲ್ಲಿ ಅನ್ನಕ್ಕಿಟ್ಟೆ. ಬಂಗುಡೆ ಸಾರು ಮಾಡಿದೆ. ತೆಂಗಿನಕಾಯಿ ಅರೆಯುವಾಗ ಸದ್ದಾಗಬಾರದೆಂದು ಮಿಕ್ಸಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದಿದ್ದೆ. ಒಳಗಿನಿಂದ ಅವಳ ದನಿ ಬರುತ್ತಿತ್ತು, ಎಲ್ಲಿಯೂ ನಿಲ್ಲದೆ, ಹಾಡಿನ ಹಾಗೆ ಏರಿ ಇಳಿದು.

ಹನ್ನೆರಡಕ್ಕೆ ಬಾಗಿಲು ತೆರೆಯಿತು. "ಆಯ್ತು ಮಾರಾಯ್ರೆ! ಪಾಸು! ಕೊನೆಗೆ ಪರೀಕ್ಷೆ ಮಾಡಿದ ಅಮ್ಮ ಹೇಳಿಯೇಬಿಟ್ರು, ನಿಮ್ಮ ಉಚ್ಚಾರ ಭಾರೀ ಒಳ್ಳೇದುಂಟು ಅಂತ. ಫೋನು ಕೊಡಿ, ಅಪ್ಪನ ಮೊಬೈಲ್ ರಿಪೇರಿ ಆಗದಿದ್ರೆ ಪಕ್ಕದ ಮನೆಗೆ ಮಾಡ್ತೇನೆ."

ಅವಳ ಮುಖ ಹಾಗೆ ಅರಳಿದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ನಾನು ತಟ್ಟೆ ಇಟ್ಟೆ. "ಮೊದಲು ಊಟ ಮಾಡು" ಎಂದೆ.

ಅವಳು ತಟ್ಟೆಯನ್ನು ನೋಡಿದಳು. ಸಾರನ್ನು ನೋಡಿದಳು. ಹದಿನೇಳು ವರ್ಷದಲ್ಲಿ ನಾನು ಒಂದು ದಿನವೂ ಅವಳಿಗೆ ಅಡುಗೆ ಮಾಡಿ ಬಡಿಸಿದವನಲ್ಲ. ಆಮೇಲೆ ಅವಳ ಕಣ್ಣು ಮೂಲೆಯಲ್ಲಿದ್ದ ನನ್ನ ಬ್ಯಾಗಿನ ಮೇಲೆ ಹೋಯಿತು.

"ಯಾರು?" ಎಂದಳು.

"ಅಪ್ಪನಿಗೆ ಸ್ವಲ್ಪ ಸೀರಿಯಸ್ಸಂತೆ..." ಎಂದು ನಾನು ಶುರುಮಾಡಿದೆ. ನಾಚಿಕೆಗೆಟ್ಟ ನಾಲಿಗೆ, ಬೇರೆ ಮಾತು ಅದಕ್ಕೆ ತಿಳಿದಿರಲಿಲ್ಲ.

"ನಂಗೂ ಅದೇ ಹೇಳ್ತೀರಾ?" ಎಂದಳು. ಕಿರುಚಲಿಲ್ಲ. ನೆಲದ ಮೇಲೆ ಕುಳಿತು, ಎರಡು ಕೈಯಲ್ಲಿ ತಟ್ಟೆಯನ್ನು ಮೆಲ್ಲನೆ ದೂರ ಸರಿಸಿದಳು. ಎಷ್ಟು ದಿನವಾಯಿತು ಬಿದ್ದು ಎಂದು ಕೇಳಿದಳು. ಹೇಳಿದೆ. ಬಿದ್ದಾಗಿನಿಂದ ಪ್ರಜ್ಞೆ ಇರಲಿಲ್ಲವಾ ಎಂದು ಕೇಳಿದಳು. ನರ್ಸಿನ ಪ್ರಶ್ನೆ. ಆ ಗೋಡೆ, ಆ ಗೇಟು, ಆ ಒಂದು ನಿಮಿಷ ನನ್ನ ಕಣ್ಣಮುಂದೆ ಬಂತು.

"ಇರಲಿಲ್ಲ. ಮೊದಲ ದಿನದಿಂದಲೇ ಇರಲಿಲ್ಲ" ಎಂದೆ. ಕಣ್ಣೂರಿನ ವಿಮಾನ ಹತ್ತುವ ಮೊದಲು ಸತೀಶನಿಗೂ ಹಾಗೆಯೇ ಹೇಳಲು ಹೇಳಿದೆ. ಅವನು ಆಸ್ಪತ್ರೆಯ ಫೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಅವಳು ಅದನ್ನು ಕೇಳಲೂ ಇಲ್ಲ. ಅಂಗಳದಲ್ಲಿ ಮಲಗಿಸಿದ ಅಪ್ಪನ ಎಡ ಹೆಬ್ಬೆರಳನ್ನು, ಮೊಳೆ ಒತ್ತಿ ಒತ್ತಿ ಚಪ್ಪಟೆಯಾದ ಆ ಬೆರಳನ್ನು, ಬೆಂಕಿಗೆ ಕೊಡುವವರೆಗೂ ಹಿಡಿದುಕೊಂಡೇ ಇದ್ದಳು.

ಸೆಪ್ಟೆಂಬರಿನಲ್ಲಿ ಅವಳು ನಾರ್ವೆಗೆ ಹೊರಟಳು. ಅದಕ್ಕೂ ಮೊದಲು ಒಂದು ದಿನ ಗೋಡೆಯ ಕಾರ್ಡುಗಳನ್ನೆಲ್ಲ ಬಿಡಿಸಿ ಕಸದ ಚೀಲಕ್ಕೆ ತುಂಬಿದಳು. ನನ್ನನ್ನು ಬೈಯಲಿಲ್ಲ, ಯಾರ ಮುಂದೆಯೂ ದೂರಲಿಲ್ಲ. ಆದರೆ ಊರಿನಲ್ಲಿ ಎಲ್ಲ ಆರಾಮ ಎಂದು ನಾನು ಹೇಳಿದರೆ ಹೂಂ ಎಂದು, ಆಮೇಲೆ ತಾನೇ ಸತೀಶನಿಗೂ, ಅವನ ಹೆಂಡತಿಗೂ, ನನ್ನ ಅಮ್ಮನಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ ಕೇಳುತ್ತಾಳೆ. ಒಂದು ವರ್ಷದೊಳಗೆ ನಾನು ಹೋಗುವುದೆಂದು ಇತ್ತಲ್ಲ, ಆ ಕಾಗದಪತ್ರದ ಮಾತು ಎತ್ತಿದಾಗಲೆಲ್ಲ "ಸ್ವಲ್ಪ ಸಮಯ ಹೋಗ್ಲಿ" ಎಂದಳು. ಮೂರು ವರ್ಷ ಹೋಯಿತು. ಐನ್ ಖಾಲಿದಿನ ಮನೆ ಬಿಟ್ಟು ನಾನು ಕಂಪನಿಯ ರೂಮು ಸೇರಿದೆ. ಯಾರಾದರೂ ಊರಿನಿಂದ ಫೋನ್ ಮಾಡಿ "ಹರೀಶಣ್ಣ, ಒಂದು ಸುದ್ದಿ ಮುಟ್ಟಿಸಬೇಕಿತ್ತು" ಎಂದರೆ, ನೀವೇ ನೇರ ಅವರಿಗೇ ಹೇಳಿ, ಈಗಲೇ ಹೇಳಿ ಎಂದು ಇಟ್ಟುಬಿಡುತ್ತೇನೆ. ಹರೀಶಣ್ಣನಿಗೆ ಸೊಕ್ಕು ಬಂದಿದೆ ಎಂದು ಮಾತಾಡಿಕೊಳ್ಳುತ್ತಾರಂತೆ.

ಲ್ಯಾಮಿನೇಶನ್ ಮಾಡಿಸಿದ ಆ ಸಂಜೆ ಕಾರಿನಲ್ಲಿ ಕುಳಿತಿದ್ದಾಗಲೇ ಅವಳ ಫೋನು ಬಂತು. ದನಿಯಲ್ಲಿ ಏನೋ ಕರಗಿತ್ತು. ಅವರ ಆರೈಕೆ ಕೇಂದ್ರದಲ್ಲಿ ಒಬ್ಬ ಅಜ್ಜನಿಗೆ ಬೆಳಿಗ್ಗೆ ಉಸಿರು ಏರಿತಂತೆ. ಮಗಳಿಗೆ ಫೋನ್ ಮಾಡುವ ಕೆಲಸ ವಾರಿಜಾಳದ್ದು. "ಮಗಳು ಎಂತದೋ ದೊಡ್ಡ ಮೀಟಿಂಗಿನಲ್ಲಿ ಇದ್ಳು. ನಾನು ಸೀದಾ ಹೇಳಿದೆ, ನಿಮ್ಮ ಅಪ್ಪ ಇವತ್ತು ಹೋಗ್ತಾರೆ, ಬನ್ನಿ ಅಂತ. ಇಲ್ಲಿ ಹಾಗೆಯೇ ಹೇಳುವುದು. ಎರಡು ಗಂಟೆ ಗಾಡಿ ಬಿಟ್ಟುಕೊಂಡು ಬಂದ್ಳು. ಅರ್ಧ ಗಂಟೆ ಮಾತಾಡಿದ್ರು ಇಬ್ರೂ. ಆಮೇಲೆ ಹೋದ್ರು." ಮತ್ತೆ ತನಗೇ ಹೇಳಿಕೊಳ್ಳುವಂತೆ, "ನಮ್ಮ ಅಪ್ಪನಿಗೆ ಪ್ರಜ್ಞೆ ಇರ್ಲಿಲ್ಲ. ನನಗೆ ಅದೊಂದು ಸಮಾಧಾನ. ಇದ್ದಿದ್ರೆ ಕಾಯ್ತಿದ್ರು" ಎಂದಳು.

ಹೌದು ಎಂದರೆ ಮುಗಿಯುತ್ತಿತ್ತು. ಆ ಸಮಾಧಾನ ಅವಳಿಗೆ ಉಳಿಯುತ್ತಿತ್ತು, ಒಳ್ಳೆಯದಕ್ಕೇ ಅಲ್ಲವಾ ಎಂದು ನಾನೂ ಮಲಗಬಹುದಿತ್ತು. ಆದರೆ ಅವಳಿಗೆ ಯಾವುದನ್ನು ತಡೆದುಕೊಳ್ಳಲು ಆಗುತ್ತದೆ, ಯಾವುದನ್ನು ಆಗುವುದಿಲ್ಲ ಎಂದು ಇನ್ನೊಮ್ಮೆ ತೀರ್ಮಾನಿಸಲು ನನ್ನಿಂದಾಗಲಿಲ್ಲ.

"ಇತ್ತು ವಾರಿಜಾ" ಎಂದೆ. "ಪ್ರಜ್ಞೆ ಇತ್ತು. ಶುಕ್ರವಾರ ನಿನ್ನನ್ನು ಕೇಳಿದರು. ನೀನು ಡ್ಯೂಟಿಯಲ್ಲಿದ್ದಿ ಎಂದೆ." ಎಲ್ಲ ಹೇಳಿದೆ. ಗೇಟು, ಏಸಿಯ ಬಿಸಿಗಾಳಿ, ಅವರು ಕೇಳಿದ ಪದ, ನಾನು ಹೇಳಿದ ಪದ, ಅವರು ಅದನ್ನು ಬೇಡವೆಂದದ್ದು.

ಅಂಗಡಿಯವನು ಶಟರ್ ಎಳೆದು ಹೊರಟುಹೋದ.

"ಆಗ ನಾನು ಒಳಗೇ ಇದ್ದೆ ಅಲ್ವಾ?" ಎಂದು ಕೇಳಿದಳು.

"ಹೌದು."

"ಓದ್ತಾ ಇದ್ದೆ."

"ಹೌದು."

"ಬಾಗಿಲು ತಟ್ಟಿದ್ರೆ ಸಾಕಿತ್ತಲ್ಲ" ಎಂದಳು ವಾರಿಜಾ.